ಇಂಟು ಹಾಕಿದ ಮನೆ

ನಮ್ಮ ಕೆಲಸದಲ್ಲಿ ಗೋಡೆಗಳನ್ನು ಓದಲು ಕಲಿಯಬೇಕು. ಪೋಲಿಯೋ ಭಾನುವಾರ ಮುಗಿದ ಮರುದಿನ ನಾವು ಮನೆ ಮನೆಗೆ ಹೋಗುತ್ತೇವೆ. ಐದು ವರ್ಷದೊಳಗಿನ ಮಕ್ಕಳೆಲ್ಲ ಹನಿ ಕುಡಿದಿದ್ದರೆ ಬಾಗಿಲ ಪಕ್ಕದ ಗೋಡೆಗೆ ಸೀಮೆಸುಣ್ಣದಿಂದ ‘ಪಿ’ ಎಂದು ಬರೆಯುತ್ತೇವೆ. ಒಂದು ಮಗು ತಪ್ಪಿದ್ದರೂ, ಮನೆಗೆ ಬೀಗ ಬಿದ್ದಿದ್ದರೂ, ಹಾಕಿಸುವುದೇ ಇಲ್ಲ ಎಂದು ಹಟ ಹಿಡಿದಿದ್ದರೂ ಇಂಟು ಮಾರ್ಕು. ಇಂಟು ಬಿದ್ದ ಮನೆಗೆ ಮತ್ತೆ ಮತ್ತೆ ಹೋಗಿ, ಕಾಲು ಹಿಡಿದೋ ಕಣ್ಣು ಕೆಂಪಗೆ ಮಾಡಿಯೋ ಅದನ್ನು ಅಳಿಸಿ ಪಿ ಮಾಡುವವಳೇ ಜಾಣ ಸಿಸ್ಟರ್. ಗಂಗಾವತಿ ಹತ್ತಿರದ ಮರಳಿ ಊರಿನ ಆಸುಪಾಸಿನ ಹಳ್ಳಿಗಳಲ್ಲಿ ಆ ಜಾಣತನದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಹಾಗಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಒಂದೇ ಒಂದು ಮನೆ ನನಗೆ ಬಗ್ಗಿರಲಿಲ್ಲ. ಕಾಲುವೆ ಏರಿಯ ಕೆಳಗೆ, ಎರಡು ಕೋಣೆಯ ಮನೆ. ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ಹೆಂಡತಿ ಅವನ ಅಕ್ಕನ ಮಗಳು. ಹಾಗಾಗಿ ಮನೆಯ ಮುದುಕಿ ಆ ಹುಡುಗಿಗೆ ಅತ್ತೆಯೂ ಹೌದು, ಹೆತ್ತಜ್ಜಿಯೂ ಹೌದು. ನಮ್ಮ ಕಡೆ ಇದರಲ್ಲಿ ಹುಬ್ಬೇರಿಸುವಂಥದ್ದೇನಿಲ್ಲ. ನನ್ನ ಗಂಡನೂ ನನ್ನ ಸೋದರತ್ತೆಯ ಮಗನೇ.

ಆ ಮನೆಗೆ ಮೊದಲು ಹುಟ್ಟಿದ್ದು ಹೆಣ್ಣು. ಅವಳಿಗೆ ಎಲ್ಲ ಲಸಿಕೆಯನ್ನೂ ನಾನೇ ಹಾಕಿದ್ದೆ, ಕಲ್ಲುಗುಂಡಿನಂತೆ ಬೆಳೆದಳು. ಆಮೇಲೆ ಹುಟ್ಟಿದ ಗಂಡು ಮಗು ಐದನೇ ತಿಂಗಳಲ್ಲಿ ತೀರಿಕೊಂಡಿತು. ಆಸ್ಪತ್ರೆಯ ಚೀಟಿಯಲ್ಲಿ ನ್ಯುಮೋನಿಯಾ ಎಂದಿತ್ತು, ನಾನೂ ನನ್ನ ರಿಜಿಸ್ಟರಿನಲ್ಲಿ ಹಾಗೇ ಬರೆದುಕೊಂಡೆ. ಅಜ್ಜಿ ಮಾತ್ರ ಊರ ತುಂಬ ಒಂದೇ ಮಾತು ಹೇಳುತ್ತ ಬಂದಳು: ಸೂಜಿ ಕೊಂದಿತು. ನಾನು ಸುಮ್ಮನಿರುವ ಪೈಕಿ ಅಲ್ಲ. ಅದೇ ಸೂಜಿ ಹಿರಿಯ ಮೊಮ್ಮಗಳಿಗೂ ಹಾಕಿದ್ದೇನಲ್ಲ, ಅವಳಿಗೇನಾಯಿತು ಎಂದು ನಾಲ್ಕು ಜನರ ಎದುರು ಕೇಳಿ ಅವಳ ಬಾಯಿ ಮುಚ್ಚಿಸಿದ್ದೆ. ಅವಳದು ಅವಳ ಹಟ, ನನ್ನದು ನನ್ನ ಹಟ. ಇಬ್ಬರೂ ಹಿಡಿದ ಮೊಲಕ್ಕೆ ಮೂರೇ ಕಾಲು. ಅಂದಿನಿಂದ ಪ್ರತಿ ಸುತ್ತಿನಲ್ಲೂ ಆ ಗೋಡೆಗೆ ಇಂಟು.

ಎರಡು ವರ್ಷದ ನಂತರ ಮೂರನೆಯದು ಹುಟ್ಟಿತು, ಹೆಣ್ಣು. ಹೆರಿಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಯಿತು. ಹುಟ್ಟಿದ ದಿನದ ಪೋಲಿಯೋ ಹನಿಗೆ ಅಜ್ಜಿ ಒಪ್ಪದೆ ಕೂಸಿನ ಬಾಯಿಗೆ ಸೆರಗು ಅಡ್ಡ ಹಿಡಿದಳಂತೆ. ಇನ್ನು ಬಿಸಿಜಿ. ಕ್ಷಯ ತಡೆಯುವ ಈ ಲಸಿಕೆಯ ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವಷ್ಟು ಇರುತ್ತದೆ. ಒಮ್ಮೆ ಒಡೆದು ಕಲಸಿದರೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದೇ ಮಗುವಿಗೆ ಸೀಸೆ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ‘ಗುರುವಾರ ಬರ್ರಿ’ ಎಂದು ಅಂಗನವಾಡಿಯ ಲಸಿಕೆ ದಿನಕ್ಕೆ ಕಳಿಸಿಬಿಡುತ್ತಾರೆ. ಈ ಜಿಪುಣತನದ ಬಗ್ಗೆ ನಾನು ಮೀಟಿಂಗುಗಳಲ್ಲಿ ಜಗಳ ಆಡಿದ್ದೇನೆ. ಅವತ್ತು ಅದೇ ಜಿಪುಣತನ ಒಂದು ಜೀವ ಕಾಯುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಎರಡು ಗುರುವಾರ ಅವರು ಬರಲಿಲ್ಲ. ಮೂರನೆಯ ಗುರುವಾರ ಅಂಗನವಾಡಿಯಲ್ಲಿ ಕೆಲಸ ಮುಗಿಸುವಾಗ ಒಂದು ಗಂಟೆ. ಹತ್ತೂವರೆಗೆ ಒಡೆದ ಸೀಸೆಯಲ್ಲಿ ಇನ್ನೂ ಲಸಿಕೆ ಉಳಿದಿತ್ತು, ಗಡುವಿಗೆ ಒಂದೂವರೆ ತಾಸು ಇತ್ತು. ಅಜ್ಜಿ ಭತ್ತದ ನಾಟಿಗೆ ಹೋಗಿದ್ದಾಳೆ ಎಂಬ ಸುದ್ದಿ ಆಶಾ ಕಾರ್ಯಕರ್ತೆಯಿಂದ ಸಿಕ್ಕಿತು. ಐಸ್ ಪ್ಯಾಕಿನ ಡಬ್ಬಿ ಹೆಗಲಿಗೆ ಹಾಕಿಕೊಂಡು ಕಾಲುವೆ ಏರಿ ಇಳಿದೆ. ಮನೆಯಲ್ಲಿ ದೊಡ್ಡವರಿಲ್ಲದ ಹೊತ್ತು ನೋಡಿ ಹೋಗುವುದು ಸರಿಯೇ ಎಂದು ಆಗ ಯಾರಾದರೂ ಕೇಳಿದ್ದರೆ, ಸರಿಯೇ ಎಂದು ಖಂಡಿತ ವಾದ ಮಾಡುತ್ತಿದ್ದೆ.

ಒಳಕೋಣೆಯಲ್ಲಿ ಬಾಣಂತಿ ಹೊರಸಿನ ಮೇಲೆ ಕೂತಿದ್ದಳು. ಕೆಳಗೆ ಕೆಂಡದ ಬೋಗುಣಿ, ಲೋಬಾನದ ಹೊಗೆ. ಅವಳು ಬೇಡ ಅನ್ನಲಿಲ್ಲ, ಬೇಕು ಅಂತಲೂ ಅನ್ನಲಿಲ್ಲ. ಕೂಸನ್ನು ಮಡಿಲಲ್ಲಿ ಮಲಗಿಸಿ ಎಡತೋಳಿನ ಬಟ್ಟೆ ಸರಿಸಿದಳು. ನಾನು ಸಿರಿಂಜಿಗೆ ಹನಿಯಷ್ಟು ಲಸಿಕೆ ಎಳೆದುಕೊಂಡೆ, ಎಡಗೈಯಿಂದ ತೋಳಿನ ಚರ್ಮ ಬಿಗಿ ಹಿಡಿದೆ. ಆಗ ಅವಳು ಅಳದೆ, ಕೂಗದೆ, ತನ್ನಷ್ಟಕ್ಕೆ ತಾನೇ ಹೇಳಿಕೊಂಡಂತೆ ಅಂದಳು: “ಅವನಿಗೂ ಇದ ತೋಳಿಗೆ ಹಾಕಿದ್ರಿ ಬಾಯಾರ. ಆ ಗಾಯ ಕಡೀತನಕ ಮಾಯಲೇ ಇಲ್ಲ.”

ನನ್ನ ಕೈ ನಿಂತಿತು. ಬಿಸಿಜಿ ಹಾಕಿದ ಜಾಗದಲ್ಲಿ ಕೆಲವು ವಾರ ಬಿಟ್ಟು ಸಣ್ಣ ಗುಳ್ಳೆ ಏಳುತ್ತದೆ, ಒಡೆದು ಒಣಗಿ ಕಲೆ ಉಳಿಯುತ್ತದೆ. ಇಷ್ಟು ವರ್ಷದಲ್ಲಿ ನಾನು ಹಾಕಿದ ತೋಳುಗಳಲ್ಲಿ ಮಾಯದೇ ಇದ್ದದ್ದನ್ನು ಕೇಳಿರಲಿಲ್ಲ. ಮತ್ತೇನಾಗಿತ್ತು ಎಂದು ಕೇಳಿದೆ. ಅವಳು ಒಂದೊಂದೇ ಹೇಳಿದಳು. ಅದೇ ತೋಳಿನ ಕಂಕುಳಲ್ಲಿ ನಿಂಬೆಹಣ್ಣಿನಂಥ ಗಂಟು. ಬಾಯೊಳಗೆ ಬಿಳಿ ಕೆನೆಯಂಥ ಹುಣ್ಣು, ಎಷ್ಟು ಒರೆಸಿದರೂ ಮತ್ತೆ. ಆರನೇ ವಾರದಲ್ಲಿ ಬಾಯಿಗೆ ಹನಿ ಹಾಕಿದ ನಂತರ ನಿಲ್ಲದ ಭೇದಿ. ಮೈಮೇಲೆ ದದ್ದು. ಆಮೇಲೆ ಕೆಮ್ಮು. ಯಾವ ಔಷಧಿಗೂ ಬಗ್ಗದ ಕೆಮ್ಮು.

ಹಿಂದೊಮ್ಮೆ ಕೊಪ್ಪಳದ ತರಬೇತಿಯಲ್ಲಿ ಪರದೆಯ ಮೇಲೆ ಒಂದು ಸಾಲು ಬಂದು ಹೋಗಿತ್ತು. ಹುಟ್ಟಿನಿಂದಲೇ ರೋಗ ತಡೆಯುವ ಶಕ್ತಿ ಇಲ್ಲದ ಮಗುವಿಗೆ ಜೀವಂತ ಲಸಿಕೆ ಕೊಡಬಾರದು. ಊಟದ ಹೊತ್ತಾಗಿತ್ತು, ಯಾರೂ ಪ್ರಶ್ನೆ ಕೇಳಲಿಲ್ಲ. ಅಂಥ ಮಗು ನಮ್ಮ ಊರಿನಲ್ಲಿ ಎಲ್ಲಿ ಬರಬೇಕು ಎಂದು ನಾನೂ ಎದ್ದು ಸಾಲಿನಲ್ಲಿ ನಿಂತಿದ್ದೆ. ಬಿಸಿಜಿ, ಬಾಯಿಗೆ ಹಾಕುವ ಪೋಲಿಯೋ, ರೋಟಾ ಹನಿ, ಒಂಬತ್ತನೇ ತಿಂಗಳಿನ ದಡಾರದ ಸೂಜಿ, ಇವೆಲ್ಲ ಬಲ ಕುಗ್ಗಿಸಿದ ಜೀವಂತ ರೋಗಾಣುಗಳೇ. ಉಳಿದ ಮಕ್ಕಳ ಮೈ ಅವುಗಳನ್ನು ಸೋಲಿಸಿ ಪಾಠ ಕಲಿಯುತ್ತದೆ. ಸೋಲಿಸಲಾಗದ ಮೈಯಲ್ಲಿ ಅವು ಬೆಳೆಯುತ್ತ ಹೋಗುತ್ತವೆ.

ಇದೆಲ್ಲ ಆಗ ಇಷ್ಟು ಸ್ಪಷ್ಟವಾಗಿ ಹೊಳೆಯಲಿಲ್ಲ. ಹೆದರಿಕೆ ಆಯಿತು, ಅಷ್ಟೇ. ತುಂಬಿದ ಸಿರಿಂಜನ್ನು ಹಾಗೇ ಹಬ್ ಕಟರಿಗೆ ಇಟ್ಟು ಸೂಜಿ ಕತ್ತರಿಸಿದೆ. ಬಳಸಿದ ಸೂಜಿಗಳನ್ನು ಕತ್ತರಿಸುವ ಪೆಟ್ಟಿಗೆ ಅದು. ಲಸಿಕೆ ತುಂಬಿದ ಸೂಜಿಯನ್ನು ನಾನು ಅದಕ್ಕೆ ಕೊಟ್ಟಿದ್ದು ಅದೇ ಮೊದಲು. ‘ಟಕ್’ ಎಂದಾಗ ಬಾಣಂತಿ ತಲೆ ಎತ್ತಿ ನೋಡಿದಳು. ಇವತ್ತು ಬೇಡ ಎಂದೆ.

ನಮ್ಮ ವೈದ್ಯಾಧಿಕಾರಿ ವಯಸ್ಸಿನಲ್ಲಿ ನನ್ನ ಮಗಳಷ್ಟು. ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, ತಾವು ಹೇಳುವ ತನಕ ಆ ಕೂಸಿಗೆ ಒಂದು ಹನಿಯೂ ಬೇಡ, ನಾಳೆಯೇ ಗಂಗಾವತಿಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ ಎಂದರು. ದೊಡ್ಡ ಪರೀಕ್ಷೆ ಏನಲ್ಲ, ದಿನಾ ಎಲ್ಲರಿಗೂ ಮಾಡುವ ರಕ್ತಕಣದ ಎಣಿಕೆ. ಮರುದಿನ ಲ್ಯಾಬಿನವನು ಕಾಗದ ಕೈಗಿಡುತ್ತ, ರಕ್ತ ಛಲೋ ಐತ್ರಿ, ಎಲ್ಲಾ ನಾರ್ಮಲ್ ಅಂದ. ಬಿಳಿ ಕಣ ಆರು ಸಾವಿರ. ಪಕ್ಕದಲ್ಲಿ ಅಚ್ಚಾಗಿದ್ದ ಅಂಕಿಗಳ ಪ್ರಕಾರ ಸರಿಯೇ. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಇದೇ ಸಂಜೆ ಬಿಸಿಜಿ ಹಾಕಲು ಸೀಸೆ ಎಲ್ಲಿ ಸಿಗುತ್ತದೆ ಎಂದು ಮನಸ್ಸಿನಲ್ಲೇ ಹುಡುಕತೊಡಗಿದ್ದೆ.

ಮಕ್ಕಳ ಡಾಕ್ಟರು ಕಾಗದ ನೋಡಿ ಕೂಸನ್ನು ನೋಡಿದರು, ಮತ್ತೆ ಕಾಗದ ನೋಡಿದರು. ಅಲ್ಲಿ ಅಚ್ಚಾಗಿದ್ದ ಅಂಕಿ ದೊಡ್ಡವರದು ಎಂದರು. ಬಿಳಿ ಕಣಗಳಲ್ಲಿ ಲಿಂಫೋಸೈಟ್ ಎಂಬ ಒಂದು ಜಾತಿ ಇದೆ, ಅದೇ ಮೈಯ ಕಾವಲುಗಾರ. ಈ ಕೂಸಿಗೆ ಅದು ನೂರಕ್ಕೆ ಹತ್ತು. ಆರು ಸಾವಿರಕ್ಕೆ ಹತ್ತರ ಲೆಕ್ಕ ಹಾಕಿ ಅಂದರು. ಆರುನೂರು. ಇಷ್ಟು ಎಳೆಯ ಕೂಸಿಗೆ ಅದು ಕೆಲವು ಸಾವಿರ ಇರಬೇಕು. ಸತ್ತ ಮಗುವಿಗೂ ಇಂಥ ಕಾಗದ ಇತ್ತೇ ಎಂದು ಕೇಳಿದರು. ಬಾಣಂತಿ ಪ್ಲಾಸ್ಟಿಕ್ ಚೀಲದಿಂದ ಮಡಿಕೆ ಮಡಿಕೆಯಾಗಿದ್ದ ಒಂದು ಚೀಟಿ ತೆಗೆದಳು. ಎರಡು ವರ್ಷ ಅದನ್ನು ಜೋಪಾನ ಮಾಡಿದ್ದಳು. ಅದರಲ್ಲೂ ಹಾಗೇ ಇತ್ತು. ನೋಡಬೇಕಾದವರು ಯಾರೂ ನೋಡಿರಲಿಲ್ಲ. ನನಗೂ ಒಮ್ಮೆ ತೋರಿಸಲು ಬಂದಿದ್ದಳಂತೆ; ಆಮೇಲೆ ನೋಡ್ತೀನಿ ಅಂದಿದ್ದೆನಂತೆ. ನನಗೆ ಅದು ನೆನಪೇ ಇಲ್ಲ, ಅದೇ ಹೆಚ್ಚು ಚುಚ್ಚುತ್ತದೆ.

ರಕ್ತ ಬೆಂಗಳೂರಿಗೆ ಹೋಗಿ ಉತ್ತರ ಬರಲು ಹದಿನೈದು ದಿನ. ಉತ್ತರ ನಾವು ಹೆದರಿದ್ದೇ. ತಂದೆ ತಾಯಿ ಇಬ್ಬರಲ್ಲೂ ಅಡಗಿದ್ದ ಒಂದೇ ದೋಷ ಎರಡೂ ಕಡೆಯಿಂದ ಕೂಸಿಗೆ ಇಳಿದಿದೆ, ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಇದರ ಭಯ ಹೆಚ್ಚು ಎಂದರು. ಉಳಿಯಬೇಕಾದರೆ ಬೇರೆಯವರ ಅಸ್ಥಿಮಜ್ಜೆ ಹಾಕಬೇಕು. ಅಲ್ಲಿಯ ತನಕ ದಿನಾ ಔಷಧಿ, ಕುದಿಸಿದ ನೀರು, ಬಂದು ಹೋಗುವವರು ಬೇಡ, ತೊಟ್ಟಿಲ ಶಾಸ್ತ್ರಕ್ಕೂ ಜನ ಬೇಡ. ಜೀವಂತ ಲಸಿಕೆಯಂತೂ ಬೇಡವೇ ಬೇಡ. ಮನೆಯಲ್ಲಿದ್ದ ನಾಲ್ಕು ವರ್ಷದ ಅಕ್ಕನಿಗೂ ಪೋಲಿಯೋ ಹನಿ ಬೇಡ. ಹನಿ ಕುಡಿದ ಮಗುವಿನ ಮಲದಲ್ಲಿ ಆ ರೋಗಾಣು ಕೆಲವು ವಾರ ಹೊರಗೆ ಬರುತ್ತಿರುತ್ತದೆ.

ಅಜ್ಜಿಗೆ ಸೊಸೆ ಏನು ಹೇಳಿದಳೋ ಗೊತ್ತಿಲ್ಲ. ನಾನು ತುಂಬಿದ ಸೂಜಿ ಕತ್ತರಿಸಿದ್ದನ್ನಂತೂ ಹೇಳಿದ್ದಳು. ಮುಂದಿನ ಸಲ ಹೋದಾಗ ಅಜ್ಜಿ ಬಾಗಿಲಲ್ಲಿ ಅಡ್ಡ ನಿಲ್ಲಲಿಲ್ಲ. ಕೈ ತೊಳೆಯಲು ಸೋಪು ಕೊಟ್ಟಳು, ಹೋಗುವಾಗ ಒಂದು ಲೋಟ ಮಜ್ಜಿಗೆ ಕೊಟ್ಟಳು. ಎರಡು ವರ್ಷದ ಮೇಲೆ ಆ ಮನೆಯ ಮಜ್ಜಿಗೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಈ ವಿಷಯವನ್ನು ನಾನು ಊರಲ್ಲಿ ಯಾರಿಗೂ ಹೇಳಲಿಲ್ಲ, ಆಶಾ ಕಾರ್ಯಕರ್ತೆಗೂ. ಒಂದು ಮಗುವಿಗೆ ಲಸಿಕೆ ಅಪಾಯ ಎಂದು ನನ್ನ ಬಾಯಿಂದಲೇ ಬಂದರೆ ನಾಳೆ ಊರಿಗೆ ಊರೇ ತೋಳು ಮುಚ್ಚಿಕೊಂಡರೆ? ದಡಾರ ಬಂದರೆ ಮೊದಲು ಹೋಗುವುದು ಈ ಕೂಸೇ ಅಲ್ಲವೇ? ಈ ಲೆಕ್ಕ ನನಗೆ ಭಾರಿ ಜಾಣತನದ್ದೆನಿಸಿತ್ತು. ಪೋಲಿಯೋ ಸುತ್ತು ಬಂದಾಗ ವೈದ್ಯಾಧಿಕಾರಿಗೂ ಮೇಲ್ವಿಚಾರಕರಿಗೂ ಮಾತ್ರ ತಿಳಿಸಿ, ಆ ಗೋಡೆಗೆ ನನ್ನ ಕೈಯಾರೆ ಇಂಟು ಹಾಕಿದೆ. ಆಶಾಳಿಗೆ ‘ಆ ಮನಿ ನಾ ನೋಡ್ಕೋತೀನಿ’ ಎಂದಷ್ಟೇ ಹೇಳಿದೆ.

ಮಂಗಳವಾರ ನಾನು ತಾಯಿ ಮಗುವನ್ನು ಕರೆದುಕೊಂಡು ಗಂಗಾವತಿಗೆ ಹೋಗಿದ್ದೆ. ಸಂಜೆ ಆಟೋದಲ್ಲಿ ಮರಳುವಾಗ ಕಾಲುವೆ ಸೇತುವೆಯ ಮೇಲೆ ಆಶಾ ಎದುರಾದಳು. ಬಿಸಿಲಲ್ಲಿ ತಿರುಗಿ ಮುಖ ಕಪ್ಪಿಟ್ಟಿತ್ತು, ಕಣ್ಣಲ್ಲಿ ಮಾತ್ರ ಹಬ್ಬ. “ಅಕ್ಕಾರ, ನಮ್ಮ ಊರಾಗ ಈಗ ಒಂದೂ ಇಂಟು ಇಲ್ರಿ,” ಅಂದಳು.

ನಡೆದದ್ದು ಇಷ್ಟು. ನಾನಿಲ್ಲದ ಹೊತ್ತಿನಲ್ಲಿ ಇಂಟು ಉಳಿದು ನನ್ನ ಹೆಸರು ಕೆಡಬಾರದು ಎಂದು ಅವಳು ಆ ಮನೆಗೆ ಹೋಗಿದ್ದಳು. ಕೂಸಿಗೆ ಹೇಗೂ ನಾನೇ ಹಾಕಿಸಿರುತ್ತೇನೆ, ಅಕ್ಕನಿಗೂ ಹನಿ ಹಾಕಿದರೆ ಇಂಟು ಅಳಿಸಬಹುದು ಎಂಬುದು ಅವಳ ಲೆಕ್ಕ. ಒಲ್ಲೆನ್ನುವ ಅಜ್ಜಿಗೆ, ಇದು ನಮ್ಮ ಅಕ್ಕಾರ ಮರ್ಯಾದಿ ಪ್ರಶ್ನೆ ಎಂದಿದ್ದಳು. ಅಜ್ಜಿ ಒಂದು ಕ್ಷಣ ಯೋಚನೆ ಮಾಡಿ, ಹಿರಿಯ ಮೊಮ್ಮಗಳನ್ನು ಕರೆದು ತಾನೇ ಬಾಯಿ ತೆರೆಸಿದ್ದಳು. ದೊಡ್ಡಾಕೆಗೆ ಲಸಿಕೆಯಿಂದ ಏನೂ ಆಗುವುದಿಲ್ಲ ಎಂದು ಹಿಂದೆ ನಾಲ್ಕು ಜನರ ಎದುರು ಸಾಧಿಸಿದವಳು ನಾನೇ ಅಲ್ಲವೇ? ಮೇಲಾಗಿ ಅಕ್ಕನಿಗೂ ಬೇಡ ಎನ್ನುವುದನ್ನು ನಾನು ತಾಯಿಗೆ ಹೇಳಿದ್ದೆ, ಅಜ್ಜಿಯ ಎದುರು ಕೂತು ಹೇಳಿರಲಿಲ್ಲ. ಎರಡು ವರ್ಷ ನನ್ನ ಮೇಲಿನ ಸಿಟ್ಟಿನಿಂದ ಕೊಡದ ಮಗುವನ್ನು ಅವಳು ನನ್ನ ಮೇಲಿನ ಪ್ರೀತಿಯಿಂದ ಕೊಟ್ಟಿದ್ದಳು. ಮಾತು ಮನೆ ಕೆಡಿಸಿತು ಅನ್ನುತ್ತಾರೆ. ಇಲ್ಲಿ ಆಡದ ಮಾತು ಕೆಡಿಸಿತ್ತು.

ಆಟೋ ಸೇತುವೆಯ ಮೇಲೇ ನಿಂತಿತು. ಮಕ್ಕಳ ಡಾಕ್ಟರಿಗೆ ಫೋನ್ ಮಾಡಿದೆ. ಅಕ್ಕ ತಂಗಿ ಒಂದು ಸೂರಿನಡಿ ಇರುವುದು ಬೇಡ, ಆರು ವಾರ ಬೇರೆ ಇಡಿ ಎಂದರು. ಆನೆಗೊಂದಿಯಲ್ಲಿ ಬಾಣಂತಿಯ ತಂಗಿ ಇದ್ದಳು, ಬಾಳೆ ನಾರಿನ ಬುಟ್ಟಿ ಹೆಣೆಯುವವಳು. ಅದೇ ಆಟೋದಲ್ಲಿ ಹುಡುಗಿಯನ್ನು ಅಲ್ಲಿಗೆ ಕಳಿಸುವುದು ಎಂದಾಯಿತು. ತಾಯಿ ಕೂಸನ್ನು ಎತ್ತಿಕೊಂಡು ಸೇತುವೆಯ ಕಟ್ಟೆಯ ಮೇಲೆ ದೂರ ಕೂತಳು. ಅಜ್ಜಿ ಎರಡು ಜೊತೆ ಬಟ್ಟೆಯ ಗಂಟಿನೊಂದಿಗೆ ಹುಡುಗಿಯನ್ನು ಕರೆತಂದಳು. ತಾಯಿಯ ಕಡೆ ಓಡಲು ಹೊರಟ ಅವಳನ್ನು ನಾನು ತೋಳು ಹಿಡಿದು ತಡೆದೆ. “ನಾ ತಂಗಿಗೆ ಏನ್ ಮಾಡೀನ್ರಿ?” ಎಂದು ಕೇಳಿದಳು. ತೋಳು ಬಿಡದೆಯೇ ಅವಳನ್ನು ಆಟೋ ಹತ್ತಿಸಿ, ಬಟ್ಟೆಯ ಗಂಟನ್ನು ಮಡಿಲಿಗಿಟ್ಟೆ.

ಆಶಾ ಅತ್ತಳು. ಅವಳ ತಪ್ಪೇನೂ ಇರಲಿಲ್ಲ. ಇಂಟು ಎಂದರೆ ಅವಮಾನ ಎಂದು ಅವಳಿಗೆ ಕಲಿಸಿದವಳು ನಾನು. ಅವತ್ತೇ ನಿರ್ಧಾರ ಮಾಡಿದೆ, ಬರುವ ಗುರುವಾರ ಎಲ್ಲ ತಾಯಂದಿರ ಮುಂದೆ ಹೇಳಿಬಿಡುವುದು. ಮೇಲ್ವಿಚಾರಕರು ಬೇಡ ಎಂದರು, ಊರು ಕೈತಪ್ಪುತ್ತದೆ ಎಂದರು. ವೈದ್ಯಾಧಿಕಾರಿ, ಮನೆಯವರನ್ನು ಕೇಳಿ ಹೇಳಿ ಎಂದರು. ಬಾಣಂತಿ ಅತ್ತೆಯ ಮುಖ ನೋಡಿದಳು. ಅಜ್ಜಿ, “ಹೇಳ್ರಿ. ಆದ್ರ ನನ್ ಮೊಮ್ಮಗನ್ನೂ ಸೇರಿಸಿ ಹೇಳ್ರಿ,” ಅಂದಳು.

ಆ ಗುರುವಾರ ಸೀಸೆ ಒಡೆಯುವ ಮುಂಚೆಯೇ ಅಂಗನವಾಡಿಯಲ್ಲಿ ಎಲ್ಲರನ್ನೂ ಕೂಡಿಸಿದೆ. ಅಜ್ಜಿ ಬಾಗಿಲ ಬಳಿ ಕೂತಳು. ಈ ಅಜ್ಜಿ ಹೇಳಿದ್ದು ಸುಳ್ಳು ಎಂದು ನಾನು ಎರಡು ವರ್ಷ ಸಾಧಿಸಿದೆ, ಅದು ಸುಳ್ಳಾಗಿರಲಿಲ್ಲ ಎಂದೇ ಶುರು ಮಾಡಿದೆ. ಆಮೇಲೆ ನನಗೆ ತಿಳಿದ ಹಾಗೆ ಹೇಳಿದೆ: “ನಾ ಕೊಡೋ ಲಸಿಕಿ ಒಂದು ಆಕಳ ಕರಾ ಇದ್ದಂಗ. ಕಾವಲುಗಾರ ಇರೋ ಭತ್ತದ ಗದ್ದಿಗೆ ಕರಾ ಹೊಕ್ಕರ ಅಂವ ಓಡಸ್ತಾನ, ನಾಳೆ ಹೋರಿ ಬಂದ್ರೂ ಓಡಸೋದು ಕಲೀತಾನ. ಈ ಮನಿ ಕೂಸಿನ ಗದ್ದಿಗೆ ಕಾವಲುಗಾರನ ಇಲ್ಲ. ಕರಾನೂ ಮೇದು ಮುಗಸ್ತೈತಿ. ಅದಕ್ಕ ಆ ಕೂಸಿಗೆ ಬ್ಯಾಡ. ನಿಮ್ಮ ಕೂಸುಗಳ ಗದ್ದಿಗೆ ಕಾವಲುಗಾರ ಅದಾನ. ನೀವು ಹಾಕಸ್ಕೊಂಡ್ರ ಹೋರಿ ಈ ಊರಿಗೇ ಬರಂಗಿಲ್ಲ, ಆ ಕೂಸೂ ಉಳೀತೈತಿ.”

ಒಬ್ಬಳು, ನಮ್ಮ ಕೂಸಿಗೆ ಕಾವಲುಗಾರ ಇದ್ದಾನೆಂದು ಹೇಗೆ ಗೊತ್ತು ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಹಿಂದಿನ ಮಗು ಹೀಗೆ ಹೋಗಿದ್ದರೆ, ನೆಂಟರಲ್ಲಿ ಯಾರದಾದರೂ ಹೋಗಿದ್ದರೆ ನನಗೆ ಮೊದಲೇ ಹೇಳಿ, ನಾನು ಕೇಳುತ್ತೇನೆ ಎಂದೆ. ‘ಕೇಳುತ್ತೇನೆ’ ಎಂಬ ಮಾತನ್ನು ಅವರಿಗೆ ಹೇಳಿದೆನೋ ನನಗೆ ನಾನೇ ಹೇಳಿಕೊಂಡೆನೋ. ಅವತ್ತು ನಾನು ಹೆದರಿದಂತೆ ಇಬ್ಬರು ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಎದ್ದು ಹೋದರು. ಒಬ್ಬಳು ಎರಡು ವಾರ ಬಿಟ್ಟು ಬಂದಳು. ಇನ್ನೊಬ್ಬಳ ಮನೆಗೆ ಇವತ್ತಿಗೂ ನಡೆಯುತ್ತಿದ್ದೇನೆ. ಉಳಿದವರೆಲ್ಲ ತೋಳು ಕೊಟ್ಟರು.

ಹಿಂದಿರುಗುವಾಗ ಅಜ್ಜಿ ಕಾಲುವೆ ಏರಿಯ ಮೇಲೆ ನನ್ನ ಜೊತೆ ನಡೆದಳು. ತಪ್ಪಾಯಿತು ಎಂದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಅವಳೇ ಮಾತು ತೆಗೆದಳು. ಯಾವತ್ತೂ ಇಲ್ಲದ್ದು ಅವತ್ತು ನನಗೆ ‘ನೀ’ ಎಂದಳು. “ನಾ ಸೂಜಿ ಅಂದೆ. ನೀ ಸೂಜಿ ಅಲ್ಲ ಅಂದಿ. ಕೂಸಿಗೆ ಏನಾಗಿತ್ತು ಅಂತ ಇಬ್ರೂ ಕೇಳ್ಲಿಲ್ಲ ನೋಡವ್ವ.”

ಆರು ವಾರದ ಮೇಲೆ ಅಕ್ಕ ಆನೆಗೊಂದಿಯಿಂದ ಬಂದಳು. ಕೂಸಿಗೆ ಏನೂ ಆಗಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯವರು ಮನೆಯವರೆಲ್ಲರ ರಕ್ತ ಹೊಂದಿಸಿ ನೋಡಿದರು. ಅಪ್ಪನದು ಅರ್ಧ ಹೊಂದಿತು, ಅಮ್ಮನದು ಅರ್ಧ. ಪೂರ್ತಿ ಹೊಂದಿದ್ದು ನಾವು ತೋಳು ಹಿಡಿದು ಆಟೋ ಹತ್ತಿಸಿದ್ದ ಆ ಅಕ್ಕನದು. ಅವಳನ್ನು ಕೂಡಿಸಿಕೊಂಡು, ನಿನ್ನ ಎಲುಬಿನೊಳಗಿನದು ಸ್ವಲ್ಪ ತಂಗಿಗೆ ಕೊಡಬೇಕು ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕೊಟ್ಟರೆ ಮತ್ತೆ ಆನೆಗೊಂದಿಗೆ ಕಳಿಸಂಗಿಲ್ಲಲ್ಲ ಎಂದು ಕೇಳಿದಳು. ಇಲ್ಲ ಎಂದೆ. ಸರಿ ಎಂದಳು.

ಬೆಂಗಳೂರಿನ ತಿಂಗಳುಗಳನ್ನು ನಾನು ಫೋನಿನಲ್ಲಷ್ಟೇ ಕಂಡದ್ದು, ಆದ್ದರಿಂದ ಬರೆಯುವುದಿಲ್ಲ. ಎರಡು ಸಲ ಜ್ವರ ಬಂದು ಆಸೆ ಬಿಟ್ಟಿದ್ದೆವು. ಆಮೇಲೊಂದು ದಿನ ಕೂಸಿನ ತಾಯಿ ಫೋನ್ ಮಾಡಿ, ಲಿಂಫೋಸೈಟ್ ಎರಡು ಸಾವಿರ ದಾಟಿದವ್ರಿ ಬಾಯಾರ ಅಂದಳು. ಸಾಲಿಗೆ ಹೆಚ್ಚು ಹೋಗದ ಆ ಹುಡುಗಿಯ ಬಾಯಲ್ಲಿ ಆ ಶಬ್ದ ನಮ್ಮ ಲ್ಯಾಬಿನವನಿಗಿಂತ ಸ್ಪಷ್ಟವಾಗಿತ್ತು. ನಾನು ಔಷಧಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆ.

ಮುಂದಿನ ಪೋಲಿಯೋ ಸುತ್ತಿಗೆ ಅವರು ಊರಿಗೆ ಬಂದಿದ್ದರು. ಅಕ್ಕನಿಗೆ ಐದು ತುಂಬಿತ್ತು, ಅವಳು ನಮ್ಮ ಪಟ್ಟಿಯಲ್ಲಿಲ್ಲ. ಕೂಸಿಗೆ ಜೀವಂತ ಲಸಿಕೆ ಇನ್ನೂ ಎರಡು ವರ್ಷವಾದರೂ ಬೇಡ ಎಂದು ಆಸ್ಪತ್ರೆಯವರು ಬರೆದುಕೊಟ್ಟಿದ್ದರು. ನಾನೂ ಆಶಾಳೂ ಏರಿ ಇಳಿದು ಹೋದಾಗ ಮನೆಗೆ ಹೊಸದಾಗಿ ಸುಣ್ಣ ಬಳಿದಿದ್ದರು, ಹಳೆಯ ಗುರುತುಗಳೆಲ್ಲ ಮುಚ್ಚಿದ್ದವು. ಒಳಗೆ ಬಾಗಿಲ ಸಂದಿಯಲ್ಲಿ ಕೂಸು ಬಾಗಿಲ ಚೌಕಟ್ಟು ಹಿಡಿದು ನಿಂತಿತ್ತು, ಹಿಂದಿನಿಂದ ಅಕ್ಕ ಅದರ ಲಂಗ ಹಿಡಿದುಕೊಂಡಿದ್ದಳು. ಹೊಸ ಸುಣ್ಣದ ಮೇಲೆ ಗೀಚಲು ಆಶಾ ಹಿಂದೆಮುಂದೆ ನೋಡಿದಳು.

ಅಜ್ಜಿ ಅವಳ ಕೈಯಿಂದ ಸೀಮೆಸುಣ್ಣದ ಕಡ್ಡಿ ತೆಗೆದುಕೊಂಡಳು. ಬಿಳಿಯ ಮೇಲೆ ಬಿಳಿ ಕಾಣಲಿಲ್ಲ. ಒಳಗೆ ಹೋಗಿ ಒಲೆಯಿಂದ ಒಂದು ಇದ್ದಲಿ ತಂದು, ಅಕ್ಷರ ಬಾರದ ಕೈಯಲ್ಲಿ, ಓಣಿಯ ಆ ತುದಿಗೂ ಕಾಣುವಷ್ಟು ದೊಡ್ಡದಾಗಿ ಇಂಟು ಎಳೆದಳು. ಕೈಗೆ ಹತ್ತಿದ ಮಸಿಯನ್ನು ಸೆರಗಿಗೆ ಒರೆಸಿಕೊಂಡು ನಮ್ಮಿಬ್ಬರನ್ನೂ ನೋಡಿದಳು.

“ಈ ಮನಿ ಬಿಡ್ರಿ,” ಅಂದಳು. “ಮುಂದಿನ ಮನಿ ಬಿಡಬ್ಯಾಡ್ರಿ.”

ಮುಂದಿನ ಮನೆಯಲ್ಲಿ ಮಕ್ಕಳು ಇಬ್ಬರಿದ್ದರು. ಇಬ್ಬರಿಗೂ ಹಾಕಿದೆವು.